ಚಾದರದ ಇನ್ನೊಂದು ತುದಿ

ಫೆಬ್ರವರಿ 9

ಮಗಳೇ,

ಅಕ್ಷರ ಸೊಟ್ಟಗಿದ್ದರೆ ಪೆನ್ನನ್ನು ಬೈಯಬೇಡ. ಪೆನ್ನು ಹೊಸದು, ಕೈ ಹಳೆಯದು. ಬೆರಳುಗಳ ಬಲ ಕಡಿಮೆಯಾಗಿದೆ, ಇನ್ನೂ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದರು. ಬೆರಳಾದ ಮೇಲೆ ಏನು ಎಂದು ಕೇಳಿದ್ದಕ್ಕೆ ಕಿಟಕಿಯ ಕಡೆ ನೋಡಿದರು. ನಾನೂ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಅದಕ್ಕೇ ಕಳೆದ ವಾರ ವಕೀಲಮ್ಮನ ಹತ್ತಿರ ಹೋಗಿದ್ದೆ. ನಿನಗೆ ನೆನಪಿರಬಹುದು, ನಮ್ಮ ಲಾಂಡ್ರಿಗೆ ಕರಿ ಕೋಟು ಹಾಕುವವರು, ಜೇಬಿನಲ್ಲಿ ಪೆಪ್ಪರ್‌ಮಿಂಟು ಮರೆತು ಕಳಿಸುವವರು. ನನಗೆ ಒಬ್ಬ ಮಗ, ವಯಸ್ಸು ನಲವತ್ತು, ಬುದ್ಧಿ ಐದು ವರ್ಷದ ಮಗುವಿನದು. ಒಬ್ಬಳು ಮಗಳು, ದೂರದ ಊರಿನಲ್ಲಿ ಕೆಲಸ. ನನ್ನ ಉಯಿಲು ಬರೆಯಿರಿ ಎಂದೆ. ಕೆಳಗಿನ ಅಂಗಡಿ, ಮೇಲಿನ ಮನೆ ಎರಡೂ ಮಗಳಿಗೆ. ಮಗನೂ ಮಗಳಿಗೆ. ಅವರು ಬರೆಯುತ್ತಿದ್ದವರು ನಿಲ್ಲಿಸಿದರು.

"ಮಗಳನ್ನ ಕೇಳಿದೀರಾ?"

"ಕೇಳೋದೇನಿದೆ? ಒಡಹುಟ್ಟಿದವಳು."

"ಮನೆ ಬರೆದುಕೊಡಬಹುದು ಅಮ್ಮಾ. ಮನುಷ್ಯನ್ನ ಬರೆದುಕೊಡೋಕಾಗಲ್ಲ," ಎಂದು ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು. "ಕೇಳ್ಕೊಂಡು ಬನ್ನಿ. ಆಮೇಲೆ ಬರೀತೀನಿ."

ಆದ್ದರಿಂದ ಕೇಳುತ್ತಿದ್ದೇನೆ. ನನ್ನ ನಂತರ ದೊರೆಯನ್ನು ನೀನು ನೋಡಿಕೊಳ್ಳುತ್ತೀಯಾ?

ಅವನು ಆರೋಗ್ಯವಾಗಿದ್ದಾನೆ. ಈಗಲೂ ಗಡ್ಡ ಬೋಳಿಸುವಾಗ ಕೆನ್ನೆ ಉಬ್ಬಿಸಿ ನಗುತ್ತಾನೆ. ಒಂದೇ ಚಿಂತೆ. ಲಾಡ್ಜಿನ ಚಾದರಗಳು ಒಣಗಿದವೆಂದರೆ ಎಲ್ಲರಿಗಿಂತ ಮೊದಲು ಓಡಿ ಬಂದು ತನ್ನ ತುದಿ ಹಿಡಿದು ನಿಲ್ಲುತ್ತಿದ್ದವನು, ಈಚೆಗೆ ಮಡಚುವುದಕ್ಕೆ ಬರುವುದೇ ಇಲ್ಲ. ಇಸ್ತ್ರಿ ಮೇಜಿನ ಕೆಳಗೆ ಕೂತು ಬಿದ್ದ ಗುಂಡಿಗಳನ್ನು ಬಣ್ಣ ಬಣ್ಣವಾಗಿ ಜೋಡಿಸುತ್ತಾನೆ. ಕರೆದರೆ ಹೂಂ ಅನ್ನುತ್ತಾನೆ, ಏಳುವುದಿಲ್ಲ. ನಿಮ್ಮಪ್ಪ ಇಟ್ಟ ಹೆಸರು ಸುಮ್ಮನೆ ಹೋಗುತ್ತದೆಯೇ? ದೊರೆಗೆ ಈಗ ಕೂಲಿ ಕೆಲಸ ಬೇಡವಾಗಿದೆ.

ಊರಿನವರಿಗೆಲ್ಲ ಹಲ್ಲು ಕಟ್ಟುವವಳು ನೀನು. ತಾಯಿಗೆ ಒಂದು ಸಾಲು ಬರೆ.

ನಿನ್ನ ಅಮ್ಮ


ಫೆಬ್ರವರಿ 20

ಅಮ್ಮಾ,

ಕಾಗದ ತಲುಪಿತು. ಕೇಳಿದ್ದಕ್ಕೆ ಸಂತೋಷ. ಕೇಳಿಸಿದವರು ವಕೀಲರು ಎಂದು ಗೊತ್ತಿದ್ದರೂ ಸಂತೋಷ.

ಉತ್ತರ: ಆಗುವುದಿಲ್ಲ.

ಕಾರಣ ಬರೆಯಬೇಕೆಂದು ಕೂತು ಹಾಳೆಗಳನ್ನು ಹರಿದೆ. ನನ್ನದು ಒಂದೇ ಕೋಣೆ, ಮಂಚದ ಮೇಲೆ ಕೂತು ಒಲೆ ಆರಿಸಬಹುದು. ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಲ್ಯಾಬಿನಲ್ಲಿ ದಿನವಿಡೀ ಯಾರ ಯಾರದೋ ಬಾಯಿಯ ಅಚ್ಚುಗಳನ್ನು ಕೈಯಲ್ಲಿ ಹಿಡಿದಿರುತ್ತೇನೆ. ಮನೆಗೆ ಬಂದಾಗ ಯಾರೂ ಬಾಯಿ ತೆರೆಯದಿದ್ದರೆ ಸಾಕೆನಿಸುತ್ತದೆ. ಇವೆಲ್ಲ ಕಾರಣಗಳೇ, ಸುಳ್ಳಲ್ಲ. ಇವು ಯಾವುವೂ ಇಲ್ಲದಿದ್ದರೂ ಆಗುವುದಿಲ್ಲ ಎಂದೇ ಬರೆಯುತ್ತಿದ್ದೆ.

ಖರ್ಚಿಗೆ ನನ್ನ ಪಾಲು ಕಳಿಸುತ್ತೇನೆ. ಮನೆ ನನಗೆ ಬೇಡ.

ಕೈಗೆ ಏನಾಗಿದೆ ಎಂದು ಡಾಕ್ಟರು ಹೆಸರು ಹೇಳಿದ್ದರೆ ಬರೆ.

ನಿನ್ನ ಮಗಳು


ಮಾರ್ಚ್ 30

ಮಗಳೇ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದಿದ್ದದ್ದು ಕೋಪದಿಂದಲ್ಲ. ಕೋಪಕ್ಕೂ ಕಸುವು ಬೇಕು.

ಕಡ್ಡಿ ಮುರಿದ ಹಾಗೆ ಹೇಳಿದ್ದೀಯ. ವಕೀಲಮ್ಮನಿಗೆ ತೋರಿಸಿದೆ, ನಿನ್ನನ್ನು ಬೈಯುತ್ತಾರೆ ಎಂಬ ಆಸೆಯಿಂದ. ಅವರು ಓದಿ ಮಡಚಿ ಕೊಟ್ಟರು. "ಒಳ್ಳೇ ಮಗಳು. ಮೊದಲು ಹೂಂ ಅಂದು ಆಮೇಲೆ ಕೈಬಿಡೋರನ್ನೇ ನಾನು ಜಾಸ್ತಿ ನೋಡಿರೋದು," ಎಂದರು. ಅವರು ಯಾರ ಕಡೆಯ ವಕೀಲರೋ ನನಗಿನ್ನೂ ಗೊತ್ತಾಗಿಲ್ಲ.

ಹಾಗಾದರೆ ಎಲ್ಲವನ್ನೂ ಅವನ ಹೆಸರಿಗೇ ಬರೆದುಬಿಡಿ ಎಂದೆ.

"ಬರೀಬಹುದು. ನೀವು ಕಣ್ಣು ಮುಚ್ಚಿದ ಮೇಲೆ ಬೆಣ್ಣೆ ಮಾತಾಡೋನು ಯಾವನೋ ಬರ್ತಾನೆ, ಒಂದು ಚಾಕೊಲೇಟ್ ಕೊಡ್ತಾನೆ, ಹೆಬ್ಬೆಟ್ಟು ಒತ್ತಿಸ್ಕೊಂಡು ಹೋಗ್ತಾನೆ. ನಿಮ್ಮ ಮಗ ಅವನಿಗೆ ಟಾಟಾನೂ ಮಾಡ್ತಾನೆ."

ಟ್ರಸ್ಟ್ ಮಾಡಬೇಕಂತೆ. ಮನೆ, ಅಂಗಡಿ ಯಾರ ಕೈಗೂ ಹೋಗದೆ ಟ್ರಸ್ಟಿನಲ್ಲಿ ಇರುತ್ತವೆ, ಬಾಡಿಗೆ ಅವನ ಊಟ ಬಟ್ಟೆ ಔಷಧಿಗೆ. ನೋಡಿಕೊಳ್ಳುವುದು ವಕೀಲಮ್ಮನ ಕಚೇರಿ. ಅವನ ಪರವಾಗಿ ಮಾತಾಡುವುದಕ್ಕೆ ಕೋರ್ಟು ಒಬ್ಬ ರಕ್ಷಕರನ್ನು ನೇಮಿಸುತ್ತದೆ. ಅವನು ಎಲ್ಲಿರಬೇಕು ಎಂಬುದನ್ನೂ ಕಾಗದದಲ್ಲಿ ಬರೆಯಬೇಕು. ಅದಕ್ಕೆ ಊರಾಚೆ ಇಂಥವರಿಗಾಗಿ ಒಂದು ವಸತಿ ಇದೆ, ದೊಡ್ಡ ಮನೆ. ಹೋಗಿ ನೋಡಿದೆವು. ಕಿಟಕಿಗಳು ದೊಡ್ಡವು, ಮೆಟ್ಟಿಲುಗಳಿಗೆ ಎರಡು ಕಡೆಯೂ ಹಿಡಿಕೆ. ಮಂಚಗಳ ಮೇಲಿನ ಚಾದರ ಎತ್ತಿ ನೋಡಿದೆ. ಚೊಕ್ಕಟವಾಗಿ ಒಗೆದಿದ್ದಾರೆ, ಮಡಚಲು ಮಾತ್ರ ಯಾರಿಗೂ ಬರುವುದಿಲ್ಲ. ಮೂಲೆಗೆ ಮೂಲೆ ಸೇರಿಲ್ಲ. ಮೇಲ್ವಿಚಾರಕಿಗೆ ಹೇಳಿದೆ, ನಕ್ಕಳು. ಹಿತ್ತಲ ಕಡೆ ಅವರದೇ ಬಟ್ಟೆ ಒಗೆಯುವ ಕೋಣೆ. ಅದರ ಬಾಗಿಲಲ್ಲಿ ದೊರೆ ಕಾಲು ಊರಿ ನಿಂತುಬಿಟ್ಟ. "ಬಾರೋ, ಚಿಕ್ಕಂದಿನಿಂದ ನೋಡಿದ್ದನ್ನೇ ಏನು ನೋಡ್ತೀಯ," ಎಂದು ಎಳೆದುಕೊಂಡು ಬಂದೆ.

ಅವನ ರೀತಿನೀತಿಗಳ ಬಗ್ಗೆ ಒಂದು ಟಿಪ್ಪಣಿ ಬರೆದುಕೊಡಿ ಎಂದಿದ್ದಾರೆ ವಕೀಲಮ್ಮ, ಮುಂದೆ ನೋಡಿಕೊಳ್ಳುವವರಿಗೆ ಬೇಕಾಗುತ್ತದಂತೆ. ಬರೆದಿದ್ದೇನೆ, ಇದರ ಜೊತೆ ನಕಲು ಇದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡ. ತಪ್ಪಿದ್ದರೆ ತಿದ್ದು.

ಡಾಕ್ಟರು ಹೇಳಿದ ಹೆಸರು ಉದ್ದವಾಗಿತ್ತು. ಬರೆದುಕೊಳ್ಳಲು ಕೈ ಬರಲಿಲ್ಲ.

ನಿನ್ನ ಅಮ್ಮ


ಏಪ್ರಿಲ್ 8

ಅಮ್ಮಾ,

ಟಿಪ್ಪಣಿ ಓದಿದೆ.

ಅವನಿಗೆ ಹಾಲು ಇಷ್ಟ ಎಂದು ಬರೆದಿದ್ದೀಯ. ಇಷ್ಟವಿಲ್ಲ. ಮಲಗುವ ಮುಂಚೆ ನೀನು "ಹಾಲು ಕುಡೀತೀಯಾ ದೊರೆ?" ಎನ್ನುತ್ತಿದ್ದೆ, ಅವನು ಹೂಂ ಎನ್ನುತ್ತಿದ್ದ, ನೀನು ಲೋಟ ಇಟ್ಟು ಕೆಳಗೆ ಹೋಗುತ್ತಿದ್ದೆ. ನಾನು ಮನೆ ಬಿಡುವ ತನಕ ಅಷ್ಟು ವರ್ಷದ ಹಾಲನ್ನು ಕುಡಿದವಳು ನಾನು. ಆಮೇಲೆ ಯಾರು ಕುಡಿಯುತ್ತಿದ್ದಾರೋ ತಿಳಿಯದು. ಅವನ ಕಿಟಕಿಯ ಹೊರಗಿನ ಕುಂಡ ನೋಡು.

ಗುಡುಗಿಗೆ ಹೆದರುತ್ತಾನೆ ಎಂದಿದ್ದೀಯ. ಗುಡುಗಿಗಲ್ಲ. ಗುಡುಗಿದಾಗ ನೀನು ಕಿರುಚುತ್ತೀಯಲ್ಲ, ಅದಕ್ಕೆ. ನನ್ನ ಜೊತೆ ಮಾಳಿಗೆಯ ಮೇಲೆ ಕೂತು ಗುಡುಗು ಕೇಳಿದ್ದಾನೆ.

ಅಂಗಿಯ ಮೇಲಿನ ಗುಂಡಿ ಹಾಕಬಾರದು ಎಂದು ಸೇರಿಸು. ಕತ್ತು ಬಿಗಿಯಾದರೆ ಅವನು ಹೇಳುವುದಿಲ್ಲ, ಕೆಂಪಾಗುತ್ತಾನೆ. ಎಡಗಡೆಯಿಂದ ಕರೆಯಬಾರದು, ಆ ಕಿವಿ ಕೇಳುವುದು ಕಡಿಮೆ. ಹಲ್ಲು ನೋವೆಂದರೆ ಹೇಳಲು ಬಾರದೆ ತಲೆಯನ್ನು ಗೋಡೆಗೆ ಒತ್ತಿ ನಿಲ್ಲುತ್ತಾನೆ; ಹಟ ಎಂದು ತಿಳಿದು ಬೈಯಬಾರದು. ಅವನ ಹಲ್ಲಿನ ಅಚ್ಚು ಯಾರಾದರೂ ತೆಗೆದು ಕಳಿಸಿದರೆ ಬೇಕಾದದ್ದನ್ನು ನಾನು ಮಾಡಿಕೊಡುತ್ತೇನೆ.

ಬಟ್ಟೆ ಕೋಣೆಯ ಬಾಗಿಲಲ್ಲಿ ಇನ್ನಷ್ಟು ಹೊತ್ತು ನಿಲ್ಲಲು ಬಿಡಬಹುದಿತ್ತು.

ನಿನ್ನ ಮಗಳು


ಮೇ 2

ಮಗಳೇ,

ಕುಂಡ ನೋಡಿದೆ. ಇಡೀ ಬೀದಿಯಲ್ಲಿ ಅಷ್ಟು ಸೊಂಪಾದ ಗಿಡ ಇನ್ನೊಂದಿಲ್ಲ. ಹಾಲು ನಿಲ್ಲಿಸಿದ್ದೇನೆ. ಕಳ್ಳ, ಲೋಟ ಕಾಣದೆ ಎರಡು ದಿನ ಗಿಡವನ್ನೇ ನೋಡುತ್ತಾ ಕೂತಿದ್ದ.

ನಿನಗೆ ಒಳ್ಳೆಯ ಸುದ್ದಿ. ಮೊನ್ನೆ ಕೋರ್ಟಿನಿಂದ ಅಧಿಕಾರಿ ಬಂದಿದ್ದರು. ಅವನನ್ನು ಖುದ್ದಾಗಿ ಕೇಳದೆ ಯಾವ ಮನೆಗೂ ಕಳಿಸುವ ಹಾಗಿಲ್ಲವಂತೆ, ಕಾನೂನು. ಮರ್ಯಾದಸ್ಥ ಮನುಷ್ಯ. ಒಗೆದ ಬಟ್ಟೆಯ ರಾಶಿಯನ್ನು ಸರಿಸದೆ, ಮೊಣಕಾಲು ಮಡಚಿ, ದೊರೆಯ ಎದುರಿಗೆ ನೆಲದ ಮೇಲೇ ಕೂತರು.

"ಅಮ್ಮ ತೋರಿಸಿದ್ರಲ್ಲಾ ದೊಡ್ಡ ಮನೆ, ಅಲ್ಲಿ ಇರೋಕೆ ಇಷ್ಟಾನಾ?"

"ಹೂಂ."

"ಅಲ್ಲಿ ಬೇರೆಯವರೆಲ್ಲಾ ಇರ್ತಾರೆ. ಅವರ ಜೊತೆ ಇರ್ತೀರಾ?"

"ಹೂಂ."

"ಸಂತೋಷಾನಾ?"

"ಹೂಂ," ಎಂದು ನಕ್ಕು ಕೈ ಕುಲುಕಿದ. "ಇಷ್ಟು ಸ್ಪಷ್ಟವಾಗಿ ಹೇಳೋರು ಅಪರೂಪ ಕಣಮ್ಮಾ," ಎಂದರು ಅಧಿಕಾರಿ. ನನಗೆ ಹೆಮ್ಮೆಯಾಯಿತು. ಶಾಲೆಯವರು ಇವನನ್ನು ಬಾಗಿಲಿಂದಲೇ ಕಳಿಸಿದ್ದು ನೆನಪಾಯಿತು. ಆ ಮೇಷ್ಟರು ಈಗ ಬಂದು ನೋಡಬೇಕಿತ್ತು ಎನಿಸಿತು.

ಇನ್ನು ಕಾಗದ ಸಿದ್ಧವಾದರೆ ಸಹಿ. ನಿನ್ನ ಮೇಲೆ ಬೀಸಿದ ದೊಣ್ಣೆ ತಪ್ಪಿತು ಎಂದುಕೋ.

ಸಂಜೆ ಅವನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ನೋಡಿದೆ, ಎಷ್ಟು ಚೀಲ ಬೇಕಾಗಬಹುದು ಎಂದು. ಒಂದು ಸಾಕು. ನಲವತ್ತು ವರ್ಷಕ್ಕೆ ಒಂದು ಚೀಲ. ಎಲ್ಲ ತೆಗೆದು ಮತ್ತೆ ಬೀರುವಿನಲ್ಲೇ ಇಟ್ಟೆ.

ನಿನ್ನ ಅಮ್ಮ


ಮೇ 9

ಅಮ್ಮಾ,

ಸಹಿ ಹಾಕಬೇಡ. ಇದನ್ನು ಪೂರ್ತಿ ಓದಿ, ವಕೀಲರಿಗೂ ಓದಿಸು.

ಆ ಅಧಿಕಾರಿ "ಸೋಪು ತಿಂತೀರಾ?" ಎಂದು ಕೇಳಿದ್ದರೂ ಅವನು ಹೂಂ ಎಂದು ಕೈ ಕುಲುಕುತ್ತಿದ್ದ. ಇದು ನಿನಗೆ ನೆನಪಿರಬೇಕು. ಅಂಗಡಿ ತೆರೆದ ಹೊಸತರಲ್ಲಿ ಗಿರಾಕಿಗಳನ್ನು ಕಂಡರೆ ಅವನು "ಬೇಡ, ಬೇಡ" ಎಂದು ಕೂಗುತ್ತಿದ್ದ. ಒಬ್ಬಾಕೆ ತಂದ ಪರದೆಗಳನ್ನು ಹಾಗೆಯೇ ಎತ್ತಿಕೊಂಡು ವಾಪಸು ಹೋದಳು. ಆಮೇಲೆ ನೀನು ಅವನನ್ನು ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂರಿಸಿ, ಬಿಸ್ಕತ್ತಿನ ಡಬ್ಬಿ ತೆರೆದಿಟ್ಟೆ. ಗಿರಾಕಿ ನಾನು. ಬಾಗಿಲಿಂದ ಬಂದು "ಚೆನ್ನಾಗಿದೀಯಾ?" ಎನ್ನಬೇಕು. ಬೇಡ ಎಂದರೆ ಡಬ್ಬಿ ಮುಚ್ಚುತ್ತಿತ್ತು, ಹೂಂ ಎಂದರೆ ತೆರೆಯುತ್ತಿತ್ತು. ಆ ಬೇಸಿಗೆ ರಜೆ ಪೂರ್ತಿ ನಾನು ಬಾಗಿಲಿಂದ ಬಂದೆ, ಹೋದೆ. ಶಾಲೆ ಶುರುವಾಗುವ ಹೊತ್ತಿಗೆ ಬೇಡ ಎಂಬ ಮಾತು ಅವನ ಬಾಯಿಂದ ಹೋಗಿತ್ತು. ಮತ್ತೆ ಬರಲಿಲ್ಲ. ನೀನು ಮಾಡಿದ್ದು ತಪ್ಪು ಎನ್ನುತ್ತಿಲ್ಲ. ಅಂಗಡಿ ನಡೆಯಬೇಕಿತ್ತು.

ಬಿಸ್ಕತ್ತು ಇಲ್ಲದೆಯೇ ನಾನೂ ಕಲಿತೆ. ನಾನು ಮದುವೆಯಾಗಬೇಕೆಂದಿದ್ದವನು ತನ್ನ ತಂದೆತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. ಅವರೆದುರು ನೀನು, "ನಮ್ಮ ಕಾಲ ಆದ್ಮೇಲೆ ತಮ್ಮನ್ನ ಇವಳೇ ನೋಡ್ಕೋತಾಳೆ. ಅಲ್ವೇನೇ?" ಎಂದೆ. ನಾನು ಹೂಂ ಎಂದೆ. ಅವರು ಕಾಫಿ ಮುಗಿಸಿ ಕಪ್ಪನ್ನು ತಾವೇ ಒಳಗೆ ತಂದಿಟ್ಟರು, ಅಷ್ಟು ಒಳ್ಳೆಯವರು. ಮತ್ತೆ ಬರಲಿಲ್ಲ. ಅದನ್ನು ನಾವು ಯಾವತ್ತೂ ಮಾತಾಡಿಲ್ಲ, ಈಗಲೂ ಬೇಡ.

ಬರೆಯಬೇಕಾದದ್ದು ಬೇರೆ. ಅವನಿಗೆ ಬೇಡ ಎನ್ನಲು ಒಂದು ದಾರಿ ಉಳಿದಿದೆ. ನಿನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿಲ್ಲ ಎಂದು ನಿನ್ನ ಕಾಗದ ಓದಿದಾಗ ತಿಳಿಯಿತು. ಚಾದರ ಮಡಚುವಾಗ ನಾನು ಅವನನ್ನು ಒಂದೊಂದೇ ಕೇಳುತ್ತಿದ್ದೆ. ಆಟಕ್ಕೆ ಹೋಗೋಣವಾ? ಸ್ನಾನ ಮಾಡ್ತೀಯಾ? ಬಾಯಲ್ಲಿ ಯಾವಾಗಲೂ ಹೂಂ. ಬೇಕಿದ್ದರೆ ತನ್ನ ತುದಿಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತಿದ್ದ. ಬೇಡದಿದ್ದರೆ ಕೈಬಿಡುತ್ತಿದ್ದ. ಚಾದರ ನೆಲಕ್ಕೆ ಬೀಳುತ್ತಿತ್ತು, ನೀನು "ಮತ್ತೆ ಒಗೀಬೇಕಲ್ಲೋ, ನಿನ್ನ ಕೈಗೇನು ಬಂತು!" ಎಂದು ಆ ಕಡೆಯಿಂದ ಕೂಗುತ್ತಿದ್ದೆ. ಅವನು ನನ್ನ ಕಡೆ ನೋಡುತ್ತಿದ್ದ. ನಾನು ಬೇರೆ ಪ್ರಶ್ನೆ ಕೇಳುತ್ತಿದ್ದೆ.

ಹಾಗೆ ಕೇಳು. ಚಾದರ ಹಿಡಿದು ಕೇಳು. ಬಾಯನ್ನು ನೋಡಬೇಡ, ಕೈಯನ್ನು ನೋಡು.

ನಿನ್ನ ಮಗಳು


ಜೂನ್ 3

ಮಗಳೇ,

ನಾನು ಹೇಳುತ್ತಿದ್ದೇನೆ, ವಕೀಲಮ್ಮ ಬರೆಯುತ್ತಿದ್ದಾರೆ. ಅವರ ಅಕ್ಷರ ನನ್ನದಕ್ಕಿಂತ ಕೆಟ್ಟದಾಗಿದೆ. ಇದನ್ನು ಬರೆಯಬೇಡಿ ಎಂದೆ, ಬರೆದುಬಿಟ್ಟರು.

ನಿನ್ನ ಕಾಗದ ಬಂದ ದಿನವೇ ಅಂಗಡಿಯ ಬಾಗಿಲು ಎಳೆದುಕೊಂಡು ಒಂದು ಚಾದರ ತೆಗೆದೆ. ದೊರೆ ಬಾರೋ ಎಂದೆ. ಮೇಜಿನ ಕೆಳಗಿನಿಂದ ಹೂಂ ಎಂದ, ಬರಲಿಲ್ಲ. ಕೈ ಹಿಡಿದು ಎಬ್ಬಿಸಿ ತುದಿ ಕೊಟ್ಟೆ. ಹಿಡಿದ. ನಾನು ನನ್ನ ತುದಿ ಎತ್ತಿಕೊಂಡೆ. ಬಾಯಿ ತೆರೆಯುವ ಮುಂಚೆಯೇ ಅದು ನನ್ನ ಬೆರಳಿನಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡೆ, ಮತ್ತೆ ಜಾರಿತು. ಅವನು ನನ್ನ ಮುಖ ನೋಡಿದ. ತನ್ನ ತುದಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ, ಕೆಳಗೆ ಹೋಗಿ ಕೂತ.

ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ನನ್ನ ಬೆರಳು ಸೋತು ಒಂದು ವರ್ಷವಾಯಿತು. ಮೇಜಿನ ಕೆಳಗೆ ಸೇರುವ ತನಕ ಅವನು ಬೆಳಗಾದರೆ ಬಂದು ತುದಿ ಹಿಡಿದು ನಿಂತಿದ್ದಾನೆ, ನಾನು ಕೈಬಿಟ್ಟಿದ್ದೇನೆ. ಅವನು ನಿಲ್ಲುವುದು, ನಾನು ಬಿಡುವುದು. ಬೇಡ, ಬೇಡ ಎಂದು ಅಮ್ಮ ಹೇಳುತ್ತಿದ್ದಾಳೆ ಎಂದುಕೊಂಡ. ಏನು ಬೇಡ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಚಾದರದ ಆ ಕಡೆ ಇದ್ದದ್ದು ಅವನೊಬ್ಬನೇ.

ಕೈಯಲ್ಲಿ ಶಕ್ತಿ ಇಲ್ಲ ಕಣೋ ಎಂದೆ. ಹೂಂ ಎಂದ. ಬೆರಳು ತೋರಿಸಿದೆ. ಹೂಂ ಎಂದ. ನಿನ್ನ ಮೇಲೆ ಪ್ರಾಣ ಇಟ್ಟಿದ್ದೀನಿ ಎಂದೆ. ಅದಕ್ಕೂ ಹೂಂ. ಸೋಪು ತಿಂತೀಯಾ ಎಂದು ಕೇಳಿದ್ದರೂ ಅಷ್ಟೇ ಎಂದು ನೀನು ಬರೆದದ್ದು ಆಗ ನೆನಪಾಯಿತು.

ಅವನು ಎಲ್ಲಿರಬೇಕು ಎಂಬ ಜಾಗವನ್ನು ಖಾಲಿ ಬಿಡಿಸಿದ್ದೇನೆ. ಅವನನ್ನು ಸರಿಯಾಗಿ ಕೇಳಿ ಆಮೇಲೆ ತುಂಬಲಿ. ಉಳಿದದ್ದಕ್ಕೆ ಸಹಿ ಮಾಡಿದೆ. ಹೆಬ್ಬೆಟ್ಟು ಸಾಕು ಎಂದರು, ನಾನೇ ಬರೆಯುತ್ತೇನೆ ಎಂದು ಹಟ ಹಿಡಿದೆ. ಎಲ್ಲೋ ಶುರುವಾಗಿ ಎಲ್ಲೋ ಹೋಗಿ ನಿಂತಿದೆ.

ನೀನು ಒಂದು ಸಲ ಬಾ. ಕರೆದುಕೊಂಡು ಹೋಗು ಎನ್ನುತ್ತಿಲ್ಲ, ನೋಡಿಕೋ ಎನ್ನುತ್ತಿಲ್ಲ. ಇನ್ನೊಂದು ತುದಿ ಹಿಡಿದು ಅವನನ್ನು ಕೇಳು. ಅಮ್ಮ ಬೇಡ ಅನ್ನಲಿಲ್ಲ ಎಂದು ಅವನಿಗೆ ಹೇಳು, ನಿಮ್ಮ ಭಾಷೆಯಲ್ಲಿ. ನನಗೆ ಬರುವುದಿಲ್ಲ.

ಕಾಫಿ ಕುಡಿದು ಹೋದವರ ವಿಷಯ ಬೇಡ ಎಂದಿದ್ದೀಯ. ಬೇಡ. ಆ ಕಪ್ಪುಗಳನ್ನು ನಾನು ಆಮೇಲೆ ಬಳಸಲಿಲ್ಲ.

ಅಮ್ಮ


ಜುಲೈ 12

ನಮಸ್ಕಾರ.

ಅಂತ್ಯಕ್ರಿಯೆಯ ದಿನ ನೀವು ಸ್ಮಶಾನದಿಂದ ನೇರವಾಗಿ ನಿಲ್ದಾಣಕ್ಕೆ ಹೋದಿರಿ, ಮಾತಾಡಲು ಆಗಲಿಲ್ಲ. ಇದು ಆಕ್ಷೇಪಣೆಯಲ್ಲ. ಕೆಲವರು ಅಳುವುದಕ್ಕೆ ರೈಲು ಹತ್ತುತ್ತಾರೆ ಎಂಬುದು ನನ್ನ ಅನುಭವ.

ಒಂದು ವಿಷಯ ನಿಮಗೆ ತಿಳಿದಿರಬೇಕು. "ಮುಂದಿನ ಭಾನುವಾರ ಬರುತ್ತೇನೆ" ಎಂದು ನೀವು ಹಾಕಿದ ಕಾರ್ಡು ಆಸ್ಪತ್ರೆಗೆ ತಲುಪಿದಾಗ ಅವರಿಗೆ ಎಚ್ಚರವಿತ್ತು. ನಾನೇ ಓದಿದೆ. ಇನ್ನೊಮ್ಮೆ ಓದಿ ಎಂದರು. ಓದಿದೆ. "ಅವಳು ಬರ್ತೀನಿ ಅಂದ್ರೆ ಬರ್ತಾಳೆ. ಅವಳದು ಹೂಂ ಅಲ್ಲ, ಮಾತು," ಎಂದರು. ಭಾನುವಾರದ ತನಕ ಅವರು ಉಳಿಯಲಿಲ್ಲ.

ಟ್ರಸ್ಟಿನ ಕಾಗದಗಳು ಸರಿಯಾಗಿವೆ. ಮನೆಗೂ ಅಂಗಡಿಗೂ ತೊಂದರೆಯಿಲ್ಲ. ನಿಮ್ಮ ತಮ್ಮ ಎಲ್ಲಿರಬೇಕು ಎಂಬ ಸಾಲು ಮಾತ್ರ ಖಾಲಿ ಇದೆ. ರಕ್ಷಕರ ಹೆಸರೂ ಇಲ್ಲ. ನಿಮ್ಮ ತಾಯಿ ಹಟ ಮಾಡಿ ಇನ್ನೊಂದು ಕಲಮು ಸೇರಿಸಿದರು, ಅದನ್ನು ಅವರದೇ ಮಾತಿನಲ್ಲಿ ಕೊಡುತ್ತೇನೆ: "ನನ್ನ ಮಗಳ ಮೇಲೆ ಅವಳ ತಮ್ಮನ ಹೊಣೆ ಇಲ್ಲ. ಈ ವಿಷಯದಲ್ಲಿ ಯಾರೂ ಅವಳನ್ನು ಕೇಳಕೂಡದು. ಅವಳು ತಾನಾಗಿ ಬಂದರೆ ಬಾಗಿಲು ತೆಗೆಯಿರಿ." ಇದು ಕಾನೂನಿನ ಭಾಷೆಯಲ್ಲ ಎಂದೆ. "ಗೊತ್ತು. ನಿಮ್ಮ ಭಾಷೆ ಅವಳಿಗೆ ಅರ್ಥವಾಗಲ್ಲ," ಎಂದರು. ಹಾಗೆಯೇ ಬರೆದಿದ್ದೇನೆ.

ಹಾಗಾಗಿ ನಾನು ನಿಮ್ಮನ್ನು ಏನನ್ನೂ ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ, ಅಷ್ಟೇ. ನಿಮ್ಮ ತಾಯಿ ಆಸ್ಪತ್ರೆ ಸೇರಿದಾಗಿನಿಂದ ನಿಮ್ಮ ತಮ್ಮ ತಾತ್ಕಾಲಿಕವಾಗಿ ಆ ವಸತಿಯಲ್ಲಿದ್ದಾರೆ. ಆಗಸ್ಟ್ ಮೊದಲ ವಾರ ಅಧಿಕಾರಿ ಮತ್ತೆ ಬಂದು ಅವರನ್ನು ವಿಚಾರಿಸುತ್ತಾರೆ. ನಿಮ್ಮ ಮೇ ತಿಂಗಳ ಕಾಗದವನ್ನು ಅವರಿಗೆ ಓದಿಸಿದ್ದೇನೆ. ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

ನಾನೇ ಒಂದು ಚಾದರ ಒಯ್ದು ಪ್ರಯತ್ನಿಸಿದೆ. ನಿಮ್ಮ ತಮ್ಮ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲದಕ್ಕೂ ಹೂಂ ಎಂದರು. ನಾನು ಚಾದರವನ್ನು ಉಂಡೆ ಮಾಡಿಕೊಂಡು ವಾಪಸು ಬಂದೆ.

ಲಾಂಡ್ರಿಯ ಬೀಗದ ಕೈ ನನ್ನಲ್ಲಿದೆ.

ವಿಶ್ವಾಸದಿಂದ,
ನಿಮ್ಮ ತಾಯಿಯ ವಕೀಲೆ


ಆಗಸ್ಟ್ 6

ವಕೀಲರಿಗೆ ನಮಸ್ಕಾರ.

ಕೋರ್ಟಿಗೆ ಕೊಡಲು ನೀವು ಕೇಳಿದ ಹೇಳಿಕೆ ಇದು. ನೀವೂ ಅಧಿಕಾರಿಯೂ ಬಾಗಿಲ ಹತ್ತಿರ ನಿಂತು ನೋಡಿದ್ದೀರಿ. ನೋಡಿದ್ದಕ್ಕೆ ಅರ್ಥ ಏನು ಎಂಬುದನ್ನು ಮಾತ್ರ ನಾನು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಯಾರೂ ಬಂದು ಒಯ್ಯದ ಒಂದು ಲಾಡ್ಜಿನ ಚಾದರ ಉಳಿದಿತ್ತು. ನಾನು ಅದನ್ನು ಕೊಡವಿ ಒಂದು ತುದಿ ಹಿಡಿದು ನಿಂತೆ, ಕರೆಯಲಿಲ್ಲ. ವಸತಿಯಿಂದ ಅಂಗಡಿಗೆ ಕರೆತಂದಿದ್ದ ನನ್ನ ತಮ್ಮ ಬಹಳ ಹೊತ್ತು ಇಸ್ತ್ರಿ ಮೇಜಿನ ಹತ್ತಿರವೇ ಇದ್ದ. ನನ್ನ ಮುಖವನ್ನಲ್ಲ, ಕೈಗಳನ್ನು ನೋಡುತ್ತಿದ್ದ. ಆಮೇಲೆ ಬಂದು ತನ್ನ ತುದಿ ಹಿಡಿದ.

ಇಲ್ಲೇ, ಈ ಮನೆಯಲ್ಲಿ ಇರ್ತೀಯಾ ಎಂದು ಕೇಳಿದೆ. ಹೂಂ ಎಂದ. ಒಮ್ಮೆ ಮೇಲೆ, ಮಾಳಿಗೆಯ ಮೆಟ್ಟಿಲ ಕಡೆ ನೋಡಿದ. ಕೈಬಿಟ್ಟ. ಅದು ಬೇಡ ಎಂದು.

ನನ್ನ ಜೊತೆ ನನ್ನ ಊರಿಗೆ ಬರ್ತೀಯಾ ಎಂದು ಕೇಳಿದೆ. ಈ ಪ್ರಶ್ನೆಯನ್ನು ನೀವಾಗಲಿ ಅಧಿಕಾರಿಯಾಗಲಿ ಹೇಳಿಕೊಟ್ಟದ್ದಲ್ಲ, ನಾನು ಕೇಳಬೇಕೆಂದೂ ಬಂದಿರಲಿಲ್ಲ. ಹೂಂ ಎಂದ. ಕೈಬಿಟ್ಟ. ಅದೂ ಬೇಡ ಎಂದು. ನನಗೆ ಹಗುರವಾಗಬೇಕಿತ್ತು. ಚಾದರ ಎತ್ತಿಕೊಳ್ಳಲು ನಾನು ತಡಮಾಡಿದ್ದನ್ನು ನೀವು ಗಮನಿಸಿರಬಹುದು.

ಬಟ್ಟೆ ಒಗೆಯೋ ಕೋಣೆ ಇದೆಯಲ್ಲ, ಆ ದೊಡ್ಡ ಮನೇಲಿ ಇರ್ತೀಯಾ ಎಂದು ಕೇಳಿದೆ. ಹೂಂ ಎಂದು ಎಷ್ಟು ಜೋರಾಗಿ ಎಳೆದನೆಂದರೆ ನಾನು ಒಂದು ಹೆಜ್ಜೆ ಮುಂದೆ ಬಂದೆ. ಅದು ಬೇಕು ಎಂದು. ಆ ಮನೆಯವರಿಗೆ ಮಡಚಲು ಬರುವುದಿಲ್ಲ ಎಂದು ಅಮ್ಮ ಬರೆದಿದ್ದಳು. ಈಗ ಒಂದು ತಿಂಗಳಿಂದ ಮೂಲೆಗೆ ಮೂಲೆ ಸೇರುತ್ತಿದೆ ಎಂದು ಮೇಲ್ವಿಚಾರಕಿ ನನಗೆ ಹೇಳಿದರು.

ಕೊನೆಗೆ, ನಾನು ಭಾನುವಾರ ಭಾನುವಾರ ಬರಲಾ ಎಂದು ಕೇಳಿದೆ. ಅವನು ಹೂಂ ಎನ್ನಲಿಲ್ಲ. ತನ್ನ ಎರಡು ಮೂಲೆಗಳನ್ನು ಹಿಡಿದುಕೊಂಡು ನನ್ನ ಕಡೆಗೆ ನಡೆದು ಬಂದ. ಅದನ್ನು ನಿಮ್ಮ ಅಧಿಕಾರಿ ಏನೆಂದು ಬರೆದುಕೊಂಡರೋ ನನಗೆ ಗೊತ್ತಿಲ್ಲ.

ಖಾಲಿ ಬಿಟ್ಟ ಜಾಗದಲ್ಲಿ ಆ ವಸತಿಯ ಹೆಸರು ತುಂಬಿರಿ. ರಕ್ಷಕರ ಜಾಗದಲ್ಲಿ ನನ್ನ ಹೆಸರು ಬರೆಯಿರಿ. ನನ್ನನ್ನು ಯಾರೂ ಕೇಳಲಿಲ್ಲ ಎಂಬುದನ್ನೂ ಬರೆಯಿರಿ.

ಇಲ್ಲಿಂದ ಮುಂದಿನದು ಕೋರ್ಟಿಗಲ್ಲ. ನೀವಿಬ್ಬರೂ ಹೋದ ಮೇಲೆ ಆದದ್ದು. ನನ್ನ ಕೊನೆಯ ಕಾರ್ಡನ್ನು ಅಮ್ಮನಿಗೆ ಓದಿದವರು ನೀವು, ಅವಳ ಕೊನೆಯ ಕಾಗದವನ್ನು ಬರೆದುಕೊಟ್ಟವರೂ ನೀವು, ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ಅಮ್ಮ ಹೇಳಿದ ಇನ್ನೊಂದು ಕೆಲಸ ಉಳಿದಿತ್ತು: ಅವಳು ಬೇಡ ಅನ್ನಲಿಲ್ಲ ಎಂದು ಅವನಿಗೆ ಹೇಳುವುದು. ಹೇಗೆ ಮಾಡುವುದೋ ನನಗೂ ತಿಳಿದಿರಲಿಲ್ಲ. ಚಾದರವನ್ನು ಮತ್ತೆ ಬಿಡಿಸಿ ಅವನಿಗೆ ತುದಿ ಕೊಟ್ಟೆ. ಅಮ್ಮ ಕೊನೆಕೊನೆಗೆ ಬೆರಳು ಹೇಗೆ ಇಟ್ಟುಕೊಳ್ಳುತ್ತಿದ್ದಳೋ ನಾನು ನೋಡಿಲ್ಲ. ನಾನು ಕಂಡದ್ದು ಸ್ಮಶಾನದಲ್ಲಿ, ಎದೆಯ ಮೇಲೆ ಜೋಡಿಸಿಟ್ಟದ್ದು. ಹಾಗೆ ಅರ್ಧ ಮಡಚಿಕೊಂಡೆ. ನನ್ನ ತುದಿ ಜಾರಿತು. ಅವನು ಮುಖ ನೋಡಿದ. ತನ್ನ ತುದಿಯನ್ನು ಮೇಜಿನ ಮೇಲಿಡಲು ಹೋದ. "ಅಮ್ಮ," ಎಂದೆ. ಬಗ್ಗಿ ಎತ್ತಿಕೊಂಡೆ, ಎದೆಗೆ ಒತ್ತಿ ಹಿಡಿಯಲು ನೋಡಿದೆ, ಮತ್ತೆ ಜಾರಲು ಬಿಟ್ಟೆ. ಮತ್ತೆ ಎತ್ತಿಕೊಂಡೆ. ಕೈಬಿಡುವವರು ಹೀಗೆ ಬಗ್ಗುವುದಿಲ್ಲ ದೊರೆ, ಬೇಡ ಅನ್ನುವವರು ಮತ್ತೆ ಮತ್ತೆ ಎತ್ತಿಕೊಳ್ಳುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಹೇಳುವ ಬದಲು ತುದಿಯನ್ನು ಇನ್ನೊಮ್ಮೆ ನೆಲಕ್ಕೆ ಜಾರಲು ಬಿಟ್ಟೆ.

ಅವನು ತನ್ನ ತುದಿ ಬಿಡದೆ, ಚಾದರವನ್ನು ಎಳೆದುಕೊಂಡೇ ನನ್ನ ಹತ್ತಿರ ಬಂದ. ನೆಲದಲ್ಲಿದ್ದ ನನ್ನ ಅಂಚನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟ. ಒಂದೊಂದೇ ಬೆರಳನ್ನು ಅದರ ಮೇಲೆ ಮಡಚಿದ. ಹೆಬ್ಬೆರಳನ್ನು ಕೊನೆಗೆ. ಆಮೇಲೆ ಬಿಚ್ಚಿಕೊಳ್ಳದ ಹಾಗೆ ತನ್ನ ಕೈಯನ್ನು ಮೇಲೆ ಮುಚ್ಚಿ ಹಿಡಿದುಕೊಂಡು ನಿಂತ.

ಅಮ್ಮನ ಬೆರಳು ಸೋತಿದೆ ಎಂದು ಆ ಒಂದು ವರ್ಷ ಅವನಿಗೆ ಗೊತ್ತಾಗಿದ್ದರೆ ಸಾಕಿತ್ತು.

ಬೀಗದ ಕೈ ನನ್ನ ಬಳಿಯೇ ಇದೆ. ಭಾನುವಾರ ತರುತ್ತೇನೆ.

ಇಂತಿ,
ದೊರೆಯ ಅಕ್ಕ